ಗೃಹಸ್ಥರಿಗೆ ನಾಲ್ಕು ಮಾತು: ಮೀನಿನ ತೊಟ್ಟಿಗೆ ಗೊಬ್ಬರದ ಗುಳಿಗೆ

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ನೀರೊಳಗಿನ ಗಿಡಗಳನ್ನೂ ಕೂಡಿಸಿ ಸಾಕುವ ಹವ್ಯಾಸವು ಪಟ್ಟಣಗಳನ್ನು ದಾಟಿ ಈಗ ನಮ್ಮ ಭೀಮಾತೀರದ ದೇವಣಗಾಂವದ ಕಡೆಗೂ ಬಂದಿದೆ. ತೊಟ್ಟಿಯ ಗಿಡದ ಎಲೆ ಹಳದಿಯಾದೊಡನೆ, ಕುಂಡದ ಗಿಡಗಳಿಗೆಂದು ತಂದಿಟ್ಟ ಗೊಬ್ಬರದ ಗುಳಿಗೆಯತ್ತ ಕೈ ಹೋಗುವುದು ಸಹಜವೇ. ಅದನ್ನು ಮೀನಿನ ತೊಟ್ಟಿಗೆ ಹಾಕಬಹುದೇ ಎಂದು ವಾಚಕರೊಬ್ಬರು ಕೇಳಿದ್ದಾರೆ. ಹಾಕಬಹುದು, ಆದರೆ ನಮ್ಮ ಕಡೆಯ ನೀರಿನ ಗುಣವನ್ನು ಅರಿಯದೆ ಹಾಕಬಾರದೆಂಬುದೇ ನಮ್ಮ ಉತ್ತರದ ಸಾರ.

ಗಿಡಕ್ಕೆ ಗೊಬ್ಬರ ಕೊಡುವ ಶಾಸ್ತ್ರವು ನಮ್ಮವರಿಗೆ ಹೊಸತಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದದ ವಿಷಯವಿದೆ. ಸುರಪಾಲನ ಸಂಸ್ಕೃತ ಗ್ರಂಥವು ಮಾಂಸ, ಮೀನು ಮೊದಲಾದುವನ್ನು ಕೊಳೆಯಿಸಿ ಮಾಡುವ 'ಕುಣಪಜಲ'ವೆಂಬ ದ್ರವಗೊಬ್ಬರವನ್ನು ವಿವರಿಸುತ್ತದೆ. ಆದರೆ ಅವೆಲ್ಲ ನೆಲದ ಗಿಡಗಳ ಮಾತು. ತೊಟ್ಟಿಯಲ್ಲಾದರೋ ಗಿಡವೂ ಪ್ರಾಣಿಯೂ ಒಂದೇ ನೀರಿನಲ್ಲಿ ಬಾಳಬೇಕು. ಅಲ್ಲದೆ ಮೀನಿನ ಮಲವೂ ಉಳಿದ ಆಹಾರವೂ ಕೊಳೆತು ಗಿಡಕ್ಕೆ ಬೇಕಾದ ಸಾರಜನಕವನ್ನು ತಾವಾಗಿಯೇ ಒದಗಿಸುತ್ತವೆ. ಆದುದರಿಂದ ಮೀನುಗಳು ಹೆಚ್ಚಾಗಿರುವ ತೊಟ್ಟಿಗೆ ಗುಳಿಗೆಯು ಅನೇಕ ವೇಳೆ ಬೇಕೇ ಆಗುವುದಿಲ್ಲ. ಹಳೆಯ ಎಲೆ ಹಸುರಾಗಿದ್ದು ಹೊಸ ಚಿಗುರು ಮಾತ್ರ ಹಳದಿಯಾದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿದ ಎರೆಭೂಮಿಯಲ್ಲಿ ಶೇಂಗಾದ ಎಲೆ ಹಳದಿಯಾಗುವುದೂ ಇದೇ ಕಾರಣದಿಂದ. ಈ ರೋಗಕ್ಕೆ ಸಾರಜನಕದ ಗೊಬ್ಬರ ಔಷಧವಲ್ಲ.

ಇನ್ನು ಅಪಾಯದ ವಿಚಾರ. ಪಾತ್ರೆಗೆ ಕಲಾಯಿ ಮಾಡುವವರು ಬಳಸುವ ನವಸಾಗರವನ್ನು ವಾಚಕರು ಕಂಡಿರಬಹುದು. ಅದಕ್ಕೆ ಸುಣ್ಣವನ್ನು ಕೂಡಿಸಿ ತಿಕ್ಕಿದರೆ ಮೂಗಿಗೆ ಹೊಡೆಯುವ ಘಾಟು ಏಳುತ್ತದೆ. ಅದೇ ಅಮೋನಿಯಾ ವಾಯು. ನವಸಾಗರದಲ್ಲಿ ಅಮೋನಿಯಂ ರೂಪದಲ್ಲಿ ಕಟ್ಟುಬಿದ್ದು ಸುಮ್ಮನಿದ್ದ ವಸ್ತುವು ಕ್ಷಾರದ ಸಹವಾಸದಿಂದ ಬಿಡುಗಡೆ ಹೊಂದಿ ಉಗ್ರವಾಗುತ್ತದೆ. ಎರೆಹೊಲದ ಮೇಲೆ ಯೂರಿಯಾ ಚೆಲ್ಲಿ ಹಾಗೆಯೇ ಬಿಟ್ಟರೆ ಅದರ ಸತ್ವದ ಒಂದು ಪಾಲು ಇದೇ ವಾಯುವಾಗಿ ಹಾರಿಹೋಗುತ್ತದೆ. ಆದುದರಿಂದಲೇ ತಿಳಿದ ರೈತನು ಅದನ್ನು ಮಣ್ಣಿನಲ್ಲಿ ಮುಚ್ಚುತ್ತಾನೆ. ಹೊಲದಲ್ಲಿ ಹಾರಿಹೋಗುವ ಈ ವಾಯುವು ತೊಟ್ಟಿಯಲ್ಲಿ ನೇರವಾಗಿ ಮೀನಿನ ಕಿವಿರುಗಳನ್ನು ಹೊಗುತ್ತದೆ. ನಮ್ಮ ಭಾಗದ ಕೊಳವೆಬಾವಿಗಳ ನೀರು ಬಹುತೇಕ ಗಡಸಾದುದು, ಕ್ಷಾರಗುಣದ್ದು. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿಯ ಹೆಪ್ಪೇ ಇದಕ್ಕೆ ಸಾಕ್ಷಿ.

ಲೆಕ್ಕವನ್ನು ನೋಡೋಣ. ಒಂದು ಗ್ರಾಂ ಯೂರಿಯಾದಲ್ಲಿ 460 ಮಿಲಿಗ್ರಾಂ ಸಾರಜನಕವಿದೆ. ಅದು 40 ಲೀಟರಿನ ತೊಟ್ಟಿಯಲ್ಲಿ ಕರಗಿ ಅಮೋನಿಯಂ ಆಗಿ ಮಾರ್ಪಟ್ಟರೆ ಲೀಟರಿಗೆ ಹನ್ನೊಂದು ಮಿಲಿಗ್ರಾಮಿಗೂ ಮಿಕ್ಕುತ್ತದೆ. ನೀರಿನ ಪಿಎಚ್ 7 ಇದ್ದರೆ, 25 ಡಿಗ್ರಿ ಉಷ್ಣತೆಯಲ್ಲಿ ಇದರೊಳಗೆ ನೂರಕ್ಕೆ ಅರ್ಧ ಭಾಗದಷ್ಟು ಮಾತ್ರ ವಿಷರೂಪಕ್ಕೆ ತಿರುಗುತ್ತದೆ. ಪಿಎಚ್ 8 ಇದ್ದರೆ ನೂರಕ್ಕೆ ಐದು ಭಾಗ! ಎಂದರೆ ಲೀಟರಿಗೆ ಅರ್ಧ ಮಿಲಿಗ್ರಾಮಿಗೂ ಹೆಚ್ಚು ವಿಷ. ಲೀಟರಿಗೆ 0.05 ಮಿಲಿಗ್ರಾಂ ಮೀರಿದರೇ ಕಿವಿರುಗಳಿಗೆ ಕೇಡು ತಟ್ಟತೊಡಗುವಾಗ ಇದರ ಗತಿ ಹೇಳಬೇಕೇ? ಬಿಸಿಲುಗಾಲದಲ್ಲಿ ನೀರು ಕಾದಂತೆ ಈ ಪ್ರಮಾಣ ಇನ್ನೂ ಏರುತ್ತದೆ. ಗಿಡಗಳು ಬೆಳಕಿನಲ್ಲಿ ಇಂಗಾಲಾಮ್ಲವನ್ನು ಹೀರುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಕೂಡ ಮೇಲೇರುತ್ತದೆ. ಬೇರೆ ಸೀಮೆಯ ಮೃದುವಾದ ನೀರಿನಲ್ಲಿ ಕೇಡು ಮಾಡದ ಗುಳಿಗೆಯು ನಮ್ಮಲ್ಲಿ ಮೀನನ್ನು ಕೊಲ್ಲುವುದು ಹೀಗೆ.

ಆದುದರಿಂದ ಮೊದಲು ಗುಳಿಗೆಯ ಚೀಟಿಯನ್ನು ಓದತಕ್ಕದ್ದು. ಸಾರಜನಕ, ರಂಜಕ, ಪೊಟ್ಯಾಷ್ ಇವುಗಳನ್ನು ಸೂಚಿಸುವ ಮೂರು ಅಂಕಿಗಳಲ್ಲಿ ಮೊದಲನೆಯದು ಚಿಕ್ಕದಾಗಿರಲಿ. ಸಾರಜನಕವು ಯೂರಿಯಾ ಅಥವಾ ಅಮೋನಿಯಂ ಆಗಿರದೆ ನೈಟ್ರೇಟ್ ರೂಪದಲ್ಲಿರಲಿ. ಕೀಟನಾಶಕ ಬೆರೆತ ಗುಳಿಗೆಯನ್ನು ಸರ್ವಥಾ ಮುಟ್ಟಬಾರದು. ತಾಮ್ರವು ಶಂಖದ ಹುಳುಗಳಿಗೂ ಸೀಗಡಿಗಳಿಗೂ ಮಾರಕವಾದುದರಿಂದ, ಅವುಗಳಿರುವ ತೊಟ್ಟಿಗೆ ತಾಮ್ರವಿಲ್ಲದುದೇ ಬೇಕು. ಚೀಟಿಯಿಲ್ಲದ ಗುಳಿಗೆಯೂ ಹೊಲದ ಯೂರಿಯಾವೂ ತೊಟ್ಟಿಗೆ ಸಲ್ಲವು.

ಎರಡನೆಯದಾಗಿ, ಎಲ್ಲ ಗಿಡಗಳಿಗೂ ಗುಳಿಗೆ ಬೇಡ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್ ಮೊದಲಾದುವು ಬೇರಿನಿಂದ ಉಣ್ಣುವುವು; ಅವಕ್ಕೆ ಪ್ರಯೋಜನವಾದೀತು. ಕಟ್ಟಿಗೆಗೋ ಕಲ್ಲಿಗೋ ಅಂಟಿ ಬೆಳೆಯುವ ಅನೂಬಿಯಾಸ್, ಜಾವಾ ಜರೀಗಿಡಗಳಿಗೆ ತಳದಲ್ಲಿ ಹೂಳಿದ ಗೊಬ್ಬರ ವ್ಯರ್ಥ.

ಮೂರನೆಯದಾಗಿ, ಕೂರಿಗೆಯಿಂದ ಬಿತ್ತುವಾಗ ಗೊಬ್ಬರವನ್ನು ಬೀಜದ ಮಗ್ಗುಲಿಗೆ ನೆಲದೊಳಗೆ ಬಿಡುವಂತೆ, ಗುಳಿಗೆಯನ್ನೂ ಬೇರಿನ ಬಳಿ ಹೂಳಬೇಕು. ತಳದ ಮರಳು ಆರೇಳು ಸೆಂಟಿಮೀಟರಾದರೂ ದಪ್ಪವಿರಬೇಕು. ಗುಳಿಗೆಯು ಐದು ಸೆಂಟಿಮೀಟರಿನಷ್ಟು ಆಳಕ್ಕೆ ಇಳಿಯಬೇಕು. ಬರಿಯ ಮರಳು ಅಮೋನಿಯಂ ಅನ್ನು ಹಿಡಿದಿಡಲಾರದು, ಜೇಡಿಮಣ್ಣು ಹಿಡಿದಿಡುತ್ತದೆ. ಆದುದರಿಂದ ಗುಳಿಗೆಯ ಕಾಲು ಭಾಗವನ್ನು ಕುಂಬಾರರ ಹಸಿ ಮಣ್ಣಿನ ಉಂಡೆಯೊಳಗಿಟ್ಟು, ನೆರಳಿನಲ್ಲಿ ಒಣಗಿಸಿ ಹೂಳುವುದು ಉತ್ತಮ. ಮೊದಲ ಸಲ ಒಂದೇ ಗಿಡಕ್ಕೆ ಒಂದೇ ಉಂಡೆ ಸಾಕು. ಎರಡು ವಾರ ಕಾಯಬೇಕು. ಅಂಗಡಿಯಲ್ಲಿ ದೊರೆಯುವ ಪರೀಕ್ಷೆಯ ದ್ರವದಿಂದ ಅಮೋನಿಯಾವನ್ನು ಎರಡು ದಿನಕ್ಕೊಮ್ಮೆ ಅಳೆಯಬೇಕು. ಹೂಳಿದ ಸ್ಥಳದ ಗಿಡವನ್ನು ಕಿತ್ತು ಬೇರೆಡೆ ನೆಡುವ ಚಪಲವನ್ನು ಮಕ್ಕಳೂ ಹಿರಿಯರೂ ಬಿಡಬೇಕು. ಅಡಗಿದ್ದ ಗೊಬ್ಬರವೆಲ್ಲ ಒಮ್ಮೆಲೇ ನೀರಿಗೆ ಏಳುವುದು ಆಗಲೇ.

ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುತ್ತಿದ್ದರೆ, ಕಿವಿರುಗಳು ಕೆಂಪೇರಿದ್ದರೆ ತಡಮಾಡಬಾರದು. ಅರ್ಧದಷ್ಟು ನೀರನ್ನು ತೆಗೆದು, ಅಷ್ಟೇ ಉಷ್ಣತೆಯ, ಕ್ಲೋರಿನ್ ಕಳೆದ ನೀರನ್ನು ತುಂಬಬೇಕು; ಗಾಳಿಯ ಯಂತ್ರವನ್ನು ಜೋರಾಗಿ ನಡೆಸಬೇಕು; ಆಹಾರವನ್ನು ನಿಲ್ಲಿಸಬೇಕು; ಗುಳಿಗೆಯನ್ನು ಮರಳುಸಮೇತ ಕೊಳವೆಯಿಂದ ಹೀರಿ ಹೊರಹಾಕಬೇಕು. ನಲ್ಲಿಯ ನೀರನ್ನು ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಗುಳಿಗೆ ಹೂಳುವ ಮುನ್ನವೇ ಇಂಥ ನೀರನ್ನು ಸಿದ್ಧವಾಗಿಟ್ಟುಕೊಳ್ಳುವುದು ಜಾಣತನ.

ಗಿಡವು ಸೊರಗಿದರೆ ಮತ್ತೆ ಚಿಗುರೀತು, ಹೊಸತನ್ನು ನೆಟ್ಟರೂ ಆದೀತು. ಮನೆಯ ಮಗುವು ಹೆಸರಿಟ್ಟು ಕರೆಯುವ ಮೀನು ಸತ್ತರೆ ಅದನ್ನು ತಂದುಕೊಡುವವರಾರು? ಆದುದರಿಂದ ಸಂದೇಹ ಬಂದಲ್ಲಿ ಗೊಬ್ಬರವನ್ನು ಬಿಡಿರಿ, ಮೀನನ್ನು ಉಳಿಸಿರಿ.