"ಪೆನ್‌ಡ್ರೈವ್ ಇಲ್ಲ" ಅನ್ನೋದು ನೆಪ ಅಷ್ಟೇ

ಬ್ಯಾಕಪ್ ಸರಣಿ, ಭಾಗ 3 👇

ನಮ್ಮ ಕ್ಲಾಸಲ್ಲಿ ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ ಒಂದೇ ಮಂತ್ರ: "ಫಾರ್ಮ್ಯಾಟ್ ಹೊಡೆಸ್ಬಿಡು ಮಗಾ." ಹೋದ ಸೆಮಿಸ್ಟರ್ ನಾನೂ ಹೊಡೆಸಿದೆ. ಅಂಗಡಿಯವರು ಹೊಸ ವಿಂಡೋಸ್ ಹಾಕಿ ಕೊಟ್ಟರು. ನನ್ನ ಉಬುಂಟು ಹೋಯ್ತು, ಮಿನಿ ಪ್ರಾಜೆಕ್ಟ್ ಹೋಯ್ತು. ಅವರನ್ನ ಬೈಯಲ್ಲ. ಬ್ಯಾಕಪ್ ಇಲ್ಲದೆ ಕೊಟ್ಟವನು ನಾನೇ. ಯಾಕೆ ಇರಲಿಲ್ಲ? ಕ್ಲೋನ್‌ಜಿಲ್ಲಾ ಬೂಟ್ ಮಾಡೋಕೆ ಪೆನ್‌ಡ್ರೈವ್ ಇರಲಿಲ್ಲವಂತೆ!

ಪೆನ್‌ಡ್ರೈವೇ ಬೇಕು ಅಂತ ಹೇಳಿದ್ದು ಯಾರು?

ಕ್ಲೋನ್‌ಜಿಲ್ಲಾ ತೈವಾನಿನಲ್ಲಿ ಬೆಳೆದ ಮುಕ್ತ ತಂತ್ರಾಂಶ, ದುಡ್ಡಿಲ್ಲ. ಉಬುಂಟು ಇರೋ ಲ್ಯಾಪ್‌ಟಾಪಲ್ಲಿ 2 ಜಿಬಿ ಪಾರ್ಟಿಷನ್ ಸಾಕು. (ಅದನ್ನ ಮಾಡೋ ಮುಂಚೆ ಮುಖ್ಯ ಫೈಲ್‌ಗಳನ್ನ ಬೇರೆ ಕಡೆ ಇಡಿ.) ಅದರಲ್ಲಿ ಐಎಸ್‌ಒ ಫೈಲ್ ಹಾಕಿ. ಗ್ರಬ್‌ನ "40 ಕಸ್ಟಮ್" ಫೈಲಿಗೆ ಒಂದು ಮೆನು ಎಂಟ್ರಿ ಸೇರಿಸಿ, ಗ್ರಬ್ ಅಪ್‌ಡೇಟ್ ಮಾಡಿ. ಆ ಎಂಟ್ರಿಯಲ್ಲಿ "ಫೈಂಡ್ ಐಎಸ್‌ಒ" ಅನ್ನೋದು ಫೈಲ್ ಎಲ್ಲಿದೆ ಅಂತ ಹೇಳುತ್ತೆ. "ಟು ರ‍್ಯಾಮ್" ಮರೀಬೇಡಿ: ಆಗ ಇಡೀ ಸಿಸ್ಟಮ್ ರ‍್ಯಾಮಿಗೆ ಏರಿ ಅಲ್ಲಿಂದಲೇ ಓಡುತ್ತೆ. ಇಲ್ಲದಿದ್ರೆ ತಾನು ಕೂತಿರೋ ಕೊಂಬೆಯನ್ನೇ ಕಡಿಯೋ ಕಥೆ.

"ಕ್ಲೌಡ್ ಇದೆಯಲ್ಲ ಗುರು?" ಇದೆ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ. ಅದರಲ್ಲಿ ನೋಟ್ಸ್ ಉಳಿಯುತ್ತೆ. ನೀವು ವಾರಗಟ್ಟಲೆ ಕೂತು ಹಾಕಿದ ಕಂಪೈಲರ್, ಡೇಟಾಬೇಸ್, ಸೆಟ್ಟಿಂಗ್ಸ್ ಉಳಿಯಲ್ಲ. ಕ್ಲೋನ್‌ಜಿಲ್ಲಾ ಎಲ್ಲವನ್ನೂ ಇದ್ದ ಹಾಗೇ ಎತ್ತಿಡುತ್ತೆ, ಅದೂ ಸಾಮಾನ್ಯವಾಗಿ ಬಳಕೆಯಾದ ಜಾಗವನ್ನ ಮಾತ್ರ ನಕಲು ಮಾಡಿ.

"ಅದೇ ಡಿಸ್ಕಲ್ಲಿ ಬ್ಯಾಕಪ್ ಇಟ್ರೆ ಏನ್ ಪ್ರಯೋಜನ?" ಸರಿಯಾದ ಪ್ರಶ್ನೆ. ಡಿಸ್ಕಲ್ಲಿ ಇರಬೇಕಾದ್ದು ಕ್ಲೋನ್‌ಜಿಲ್ಲಾ ಮಾತ್ರ. ಇಮೇಜ್ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗಬೇಕು. ನಾಲ್ಕು ಜನ ಸೇರಿ ಒಂದು ತಗೊಳ್ಳಿ. ಡಿಸ್ಕೇ ಸತ್ತರೆ ಈ ಪಾರ್ಟಿಷನ್ನೂ ಸಾಯುತ್ತೆ, ಒಪ್ಪಿದೆ. ಅವತ್ತು ಗೆಳೆಯನ ಪೆನ್‌ಡ್ರೈವ್ ಒಂದು ಗಂಟೆ ಕೇಳಿದ್ರೆ ಆಯ್ತು, ಇಮೇಜ್ ಹೊರಗೆ ಸೇಫಾಗಿರುತ್ತೆ. ಆದರೆ ದಿನಾ ಆಗೋದು ಡಿಸ್ಕ್ ಸಾಯೋದಲ್ಲ. ಕೆಟ್ಟ ಅಪ್‌ಡೇಟ್, ವೈರಸ್, ನಮ್ಮದೇ ಕೈಚಳಕ. ಅದಕ್ಕೆಲ್ಲ ಅಂಗಡಿ ಯಾಕೆ?

ಎರಡು ಎಚ್ಚರಿಕೆ:
⚠️ ವಿಂಡೋಸ್ ಕೂಡ ಇದ್ದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ.
⚠️ ರಿಸ್ಟೋರ್ ಮಾಡಿದ ಜಾಗದಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತೆ. ಡಿಸ್ಕಿನ ಹೆಸರು, ಸೈಜು ಎರಡು ಸಲ ಓದಿ, ಆಮೇಲೆ "ವೈ" ಒತ್ತಿ.

ನಾವು ಓದ್ತಿರೋದು ಕಂಪ್ಯೂಟರ್ ಸೈನ್ಸ್. ಪರೀಕ್ಷೇಲಿ ಬೂಟ್‌ಲೋಡರ್ ಬಗ್ಗೆ ಎರಡು ಪುಟ ಬರೀತೀವಿ, ನಮ್ಮ ಲ್ಯಾಪ್‌ಟಾಪಿನ ಬೂಟ್‌ಲೋಡರ್ ಕಂಡ್ರೆ ಮಾತ್ರ ಹೆದರ್ತೀವಿ. ನಾಚಿಕೆ ಆಗ್ಬೇಕು, ನನಗೂ ಸೇರಿ.

ಈ ಭಾನುವಾರ ಕೂತು ಮಾಡಿ. ಆದವರು ಕಾಮೆಂಟಲ್ಲಿ "ಆಯ್ತು" ಅಂತ ಹಾಕಿ. ಸಿಕ್ಕಿಹಾಕೊಂಡವರು ಲ್ಯಾಬಿಗೆ ಬನ್ನಿ, ಜೊತೆಗೆ ಕೂತು ನೋಡೋಣ.

#ಕ್ಲೋನ್‌ಜಿಲ್ಲಾ #ಬ್ಯಾಕಪ್_ಸರಣಿ #ಫಾರ್ಮ್ಯಾಟ್_ಬೇಡ