ಕಿವಿ ಕೇಳದ ಮಕ್ಕಳಿಗೆ ನಿತ್ಯದಾಸೋಹ



ನಮ್ಮ ಧರ್ಮವು ನುಡಿಗೆ ಕೊಟ್ಟಿರುವ ಸ್ಥಾನ ಬಹು ದೊಡ್ಡದು. ಶರಣರು ತಮ್ಮ ಅನುಭಾವವನ್ನು ಜನರಾಡುವ ಕನ್ನಡದಲ್ಲಿಯೇ ಹೇಳಿದರು. ಅದಕ್ಕೆ ‘ವಚನ’ವೆಂದೇ ಹೆಸರಾಯಿತು. ಅಂತಹ ಪರಂಪರೆಯ ಮನೆಯಲ್ಲಿ ಹುಟ್ಟಿದ ಕೂಸಿಗೆ ತಾಯಿಯ ಜೋಗುಳವೇ ಕೇಳಿಸದಿದ್ದರೆ, ಹಣೆಬರಹವೆಂದು ಸುಮ್ಮನಾಗುವುದು ಶರಣರು ತೋರಿದ ಹಾದಿಯಲ್ಲ. ಆ ಕೂಸಿಗೆ ಭಾಷೆಯನ್ನು ತಲುಪಿಸುವುದು ಹೆತ್ತವರ ಕಾಯಕ. ಅವರ ಕೈ ಸೋಲದಂತೆ ನೋಡಿಕೊಳ್ಳುವುದು ಸಮಾಜದ ದಾಸೋಹ.

ನಮ್ಮ ಎನ್.ಆರ್. ಕಾಲೋನಿಗೆ ವಿದ್ಯಾದಾನ ಹೊಸತಲ್ಲ. 1935ರಲ್ಲಿ ಎನ್. ಅನಂತಾಚಾರ್ ಅವರು ಆರಂಭಿಸಿದ ಆಚಾರ್ಯ ಪಾಠಶಾಲೆಯು ಕಾಲೇಜುಗಳವರೆಗೆ ಬೆಳೆದು ನಮ್ಮ ಕಣ್ಣೆದುರಿಗೇ ನಿಂತಿದೆ. ಕೊಠಡಿ ಕಟ್ಟಿಸುವುದು, ಶುಲ್ಕ ಕಟ್ಟುವುದು, ಪುಸ್ತಕ ಹಂಚುವುದು ನಮಗೆ ತಿಳಿದ ದಾನಗಳು. ಆದರೆ ಕಿವಿ ಕೇಳದ ಮಗುವಿನ ವಿದ್ಯಾಭ್ಯಾಸವು ಶಾಲೆಯ ಬಾಗಿಲಿಗೆ ಬರುವ ಎಷ್ಟೋ ಮೊದಲೇ ಆರಂಭವಾಗಬೇಕು. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ತಜ್ಞರು ಒಪ್ಪಿರುವ ಕ್ರಮ. ‘ಗಂಡುಮಕ್ಕಳು ಮಾತು ಕಲಿಯುವುದು ತಡ’ ಎಂದು ಹಿರಿಯರು ಸಮಾಧಾನ ಹೇಳುತ್ತಾ ಕಳೆಯುವ ಎರಡು ವರ್ಷಗಳು ಭಾಷೆ ಬೇರೂರಬೇಕಾದ ವರ್ಷಗಳೇ ಆಗಿರುತ್ತವೆ.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ, ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳ ಜೊತೆಗೆ ತಾಯಂದಿರೂ ತರಬೇತಿ ಪಡೆಯುತ್ತಾರೆ.

ಸರ್ಕಾರದ ನೆರವೂ ಉಂಟು. ಕಡಿಮೆ ಆದಾಯದ ಕುಟುಂಬಗಳಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಶ್ರವಣ ಸಾಧನ ದೊರೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆದರೂ ಆರು ವರ್ಷಕ್ಕಿಂತ ಮುಂಚಿನ ಖರ್ಚು ಬಹುಮಟ್ಟಿಗೆ ಹೆತ್ತವರ ಮೇಲೆಯೇ ಬೀಳುತ್ತದೆ. ಸಾಧನದ ಗುಂಡಿಯಂತಹ ಬ್ಯಾಟರಿ ಒಂದೆರಡು ವಾರಗಳಲ್ಲಿ ಮುಗಿಯುತ್ತದೆ. ಮಗು ಬೆಳೆದಂತೆ ಕಿವಿಯೂ ಬೆಳೆದು ಅಚ್ಚು ಸಡಿಲವಾಗುತ್ತದೆ. ಹೊಸದು ಮಾಡಿಸದಿದ್ದರೆ ಸಾಧನ ಕಿರುಗುಟ್ಟುತ್ತದೆ, ಮಗು ಅದನ್ನು ಕಿತ್ತೆಸೆಯುತ್ತದೆ. ಕೂಲಿ ಮಾಡುವ ತಾಯಿಯು ಮಗುವನ್ನೆತ್ತಿಕೊಂಡು ಎರಡು ಬಸ್ಸು ಬದಲಿಸಿ ತರಬೇತಿಗೆ ಹೋದ ದಿನ ಅವಳ ಸಂಬಳ ತಪ್ಪುತ್ತದೆ. ಹೀಗೆ, ಉಚಿತವಾಗಿ ಬಂದ ಸಾಧನವು ಬ್ಯಾಟರಿಯಿಲ್ಲದೆ ಗೂಡಿನಲ್ಲಿ ಕುಳಿತುಬಿಡುವುದುಂಟು.

ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯಸ್ಮರಣೆಗೋ ವಿಶೇಷ ಶಾಲೆಗಳಿಗೆ ಸಿಹಿಯೂಟ ಕಳುಹಿಸುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಅದು ನಡೆಯಲಿ. ಆದರೆ ದಾಸೋಹವೆಂದರೆ ಒಂದು ದಿನದ ಅಡುಗೆಯಲ್ಲವೆಂಬುದನ್ನು ಸಿದ್ಧಗಂಗೆಯ ಆರದ ಒಲೆಯೇ ನಮಗೆ ಕಲಿಸಿದೆ. ಐದಾರು ಮನೆಗಳವರು ಕೂಡಿ ಒಂದು ಮಗುವಿನ ಬ್ಯಾಟರಿ, ಅಚ್ಚು, ರಿಪೇರಿ ಮತ್ತು ತಾಯಿಯ ಬಸ್ಸಿನ ಖರ್ಚನ್ನು ಮೂರು ವರ್ಷ ತಪ್ಪದೆ ವಹಿಸಿಕೊಳ್ಳಲಿ. ಹಣವನ್ನು ತರಬೇತಿ ಕೊಡುವ ಸಂಸ್ಥೆಯ ಮೂಲಕವೇ ಸಲ್ಲಿಸಿ ರಸೀದಿ ಪಡೆಯಲಿ. ಮಗುವನ್ನು ವೇದಿಕೆಗೆ ಕರೆದು ಭಾವಚಿತ್ರ ತೆಗೆಸುವುದು ಬೇಡ.

ಎಲ್ಲ ಮಕ್ಕಳೂ ಬಾಯಿಂದಲೇ ಮಾತನಾಡುವರೆಂದೇನಿಲ್ಲ. ಸಂಜ್ಞಾಭಾಷೆಯೂ ಪರಿಪೂರ್ಣವಾದ ಭಾಷೆಯೇ; ಕೈಯಾಡಿಸುವ ಮಗುವನ್ನು ಮೂಗನೆಂದು ಕರೆಯುವ ಮಾತು ನಮ್ಮ ಮನೆಗಳಿಂದ ತೊಲಗಬೇಕು. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯ ಜೊತೆಗೆ ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ಕನ್ನೂ ನಡೆಸುತ್ತಿದೆ. ಮೊದಲ ವರ್ಷಗಳಲ್ಲಿ ಭಾಷೆ ದಕ್ಕಿದ ಮಗುವಿಗೆ ಅಂತಹ ಬಾಗಿಲುಗಳು ಮುಂದೆ ತೆರೆಯುತ್ತವೆ.

ಶ್ರಾವಣದಲ್ಲಿ ತಿಂಗಳಿಡೀ ಪ್ರವಚನ ಆಲಿಸುವ ಭಾಗ್ಯ ನಮ್ಮದು. ಮನೆಯ ತಿಂಗಳ ಖರ್ಚಿನ ಪಟ್ಟಿಯಲ್ಲಿ ಹಾಲಿನ ಲೆಕ್ಕದ ಕೆಳಗೆ ಅಂತಹ ಒಂದು ಮಗುವಿನ ಕಿವಿಗೂ ಒಂದು ಸಾಲು ಬರೆದಿಡೋಣ.