ಮೀಲ್ ಮೇಕರ್ ಮತ್ತು ಗಂಡಸ್ತನ

ಸೋಯಾ ತಿಂದರೆ ಗಂಡಸರಿಗೆ ಎದೆ ಬೆಳೆಯುತ್ತಂತೆ. ಹೇಳಿದ್ದು ನಮ್ಮ ಜಿಮ್ ಟ್ರೇನರ್. ವೇ ಪ್ರೋಟೀನ್ ಡಬ್ಬ ಮಾರುವವನೂ ಅವನೇ! ಇದನ್ನು ನಂಬಿದ ನನ್ನ ಟೀಮಿನ ಹುಡುಗನೊಬ್ಬ ಊರಿಗೆ ಕಳಿಸಬೇಕಿದ್ದ ದುಡ್ಡಲ್ಲಿ ಡಬ್ಬ ತಂದು, ಪಿಜಿ ಪಲಾವಿನ ಮೀಲ್ ಮೇಕರ್ ಆರಿಸಿ ಎಸೀತಾನೆ.

ಸ್ವಾಮೀ, ಸೋಯಾದ ಐಸೋಫ್ಲೇವೋನ್ ಈಸ್ಟ್ರೋಜೆನ್ನನ್ನು ಹೋಲುತ್ತೆ, ಅದೇ ಅಲ್ಲ. ಗಂಡಸರ ಮೇಲಿನ ಹತ್ತಾರು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2010 ಮತ್ತು 2021ರ ವಿಶ್ಲೇಷಣೆಗಳಲ್ಲಿ ಟೆಸ್ಟೋಸ್ಟಿರಾನ್ ಇಳಿದದ್ದು ಕಾಣಲಿಲ್ಲ. 100 ಗ್ರಾಂ ಒಣ ಮೀಲ್ ಮೇಕರ್‌ನಲ್ಲಿ ಸುಮಾರು 50 ಗ್ರಾಂ ಪ್ರೋಟೀನಿದೆ. ಲ್ಯೂಸಿನ್ ವೇಗಿಂತ ಕಮ್ಮಿ, ಒಪ್ಪಿದೆ; ನೆನೆಸುವಾಗ ಇನ್ನೊಂದು ಹಿಡಿ ಹಾಕಿ.

'ಎಣ್ಣೆ ತೆಗೆದ ಹಿಂಡಿ, ದನದ ಮೇವು' ಅಂತ ಮೂಗು ಮುರಿಯೋರಿಗೆ: ವೇ ಅಂದ್ರೆ ಚೀಸ್ ಮಾಡಿದ ಮೇಲೆ ಉಳಿಯೋ ನೀರು ಕಣ್ರೀ.